ನಿದ್ರೆಯಲ್ಲಿ ಕಟ್ಟುವ ಉಸಿರು, ಬಾಯಿಯಲ್ಲಿ ಕಾಣುವ ಕುರುಹು

ಶ್ರಾವಣ ಮಾಸ ಬಂದಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಊರೂರುಗಳಲ್ಲಿ ಪ್ರವಚನಗಳು ಆರಂಭವಾಗುತ್ತವೆ. ದಿನದ ಕಾಯಕ ಮುಗಿಸಿ ಬಂದ ಸದ್ಭಕ್ತರು ಕಂಬಕ್ಕೊರಗಿ ಕುಳಿತು ಆಲಿಸುತ್ತಾರೆ. ಅವರ ನಡುವೆ, ಪ್ರವಚನ ಆರಂಭವಾದ ಐದೇ ನಿಮಿಷಕ್ಕೆ ಕತ್ತು ವಾಲಿಸಿ ಗೊರಕೆ ಹೊಡೆಯುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಪಕ್ಕದವರು ಮೊಣಕೈಯಿಂದ ತಿವಿದು ಎಬ್ಬಿಸುತ್ತಾರೆ, ಹುಡುಗರು ಮುಸಿಮುಸಿ ನಗುತ್ತಾರೆ, ಮನೆಗೆ ಹೋದ ಮೇಲೆ ಮಡದಿ, "ಇಡೀ ರಾತ್ರಿ ಮಲಗಿದ್ರೂ ನಿಮಗ ನಿದ್ದಿ ಸಾಲೂದಿಲ್ಲೇನ್ರಿ?" ಎಂದು ಕೇಳುತ್ತಾರೆ.

ಹಾಸ್ಯಕ್ಕೆಂದು ಕೇಳಿದ ಈ ಮಾತಿನಲ್ಲಿ ಗಂಭೀರವಾದ ಪ್ರಶ್ನೆಯೊಂದು ಅಡಗಿದೆ. ಕುಲಗೋಡ, ಕೌಜಲಗಿಗಳ ಕಡೆ ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತ ನೋಡಿ ಬಂದವನು ಮರುದಿನ ತೂಕಡಿಸಿದರೆ ಕಾರಣವನ್ನು ಹುಡುಕಬೇಕಾಗಿಲ್ಲ. ಆದರೆ ಎಂಟು ತಾಸು ಹಾಸಿಗೆಯಲ್ಲಿದ್ದೂ ಹಗಲಿನಲ್ಲಿ ಕಣ್ಣು ತೆರೆದು ಕೂರಲಾಗದವನ ನಿದ್ರೆಗೆ ರಾತ್ರಿ ಏನಾಗಿತ್ತು ಎಂದು ವಿಚಾರಿಸಲೇಬೇಕು. ಬಹಳಷ್ಟು ಸಲ ಅದಕ್ಕೆ ಉತ್ತರ ಸ್ಲೀಪ್ ಅಪ್ನಿಯಾ, ಅಂದರೆ ನಿದ್ರೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ಬೇನೆ. ಈ ಬೇನೆಯ ಕುರುಹುಗಳನ್ನು ಮೊದಲು ಕಾಣುವವರು ಎಷ್ಟೋ ವೇಳೆ ಹೃದಯದ ವೈದ್ಯರಲ್ಲ, ಹಲ್ಲಿನ ವೈದ್ಯರು. ನಮ್ಮಲ್ಲಿ ಹಲ್ಲನ್ನೂ ನಿದ್ರೆಯನ್ನೂ ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳೆಂದು ತಿಳಿಯುವುದೇ ರೂಢಿ. ಆದ್ದರಿಂದ ಅವೆರಡರ ನಂಟನ್ನು ಸ್ವಲ್ಪ ವಿಸ್ತಾರವಾಗಿಯೇ ಇಲ್ಲಿ ವಿವರಿಸಲಾಗಿದೆ.

ಘಟಪ್ರಭೆಯ ದಂಡೆಯ ರೈತರಿಗೆ ಪಂಪಿನ ಸಕ್ಷನ್ ಪೈಪಿನ ಗುಣ ಗೊತ್ತಿರುತ್ತದೆ. ನೀರನ್ನು ಹೊರಗೆ ತಳ್ಳುವ ಕಡೆ ಮೆತ್ತನೆಯ ಪೈಪು ನಡೆದೀತು. ಆದರೆ ನೀರನ್ನು ಹೀರಿಕೊಳ್ಳುವ ಕಡೆ ಗಟ್ಟಿಯಾದ ಪೈಪೇ ಬೇಕು. ಮೆತ್ತನೆಯದನ್ನು ಹಾಕಿದರೆ ಹೀರುವ ಸೆಳೆತಕ್ಕೆ ಅದು ಒಳಗೆ ಕುಸಿದು ಚಪ್ಪಟೆಯಾಗುತ್ತದೆ. ಮನುಷ್ಯನ ಗಂಟಲು ಅಂತಹ ಮೆತ್ತನೆಯ ಪೈಪು. ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ದಾರಿಗೆ ಎಲುಬಿನ ಆಸರೆಯಿಲ್ಲ. ಅದನ್ನು ತೆರೆದಿಡುವವು ಸ್ನಾಯುಗಳು. ಎಚ್ಚರವಿರುವಾಗ ಅವು ಬಿಗಿಯಾಗಿರುತ್ತವೆ, ನಿದ್ರೆ ಬಂದೊಡನೆ ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದವನ ನಾಲಗೆಯ ಬುಡ ಹಿಂದಕ್ಕೆ ಜಾರುತ್ತದೆ, ಮೃದು ಅಂಗುಳವೂ ಕಿರುನಾಲಗೆಯೂ ಜೋತುಬೀಳುತ್ತವೆ. ದಾರಿ ಕಿರಿದಾದಾಗ ಗಾಳಿ ಅದುರುತ್ತ ಹಾಯ್ದು ಹೋಗುತ್ತದೆ, ಅದೇ ಗೊರಕೆ. ದಾರಿ ಪೂರ್ತಿ ಮುಚ್ಚಿದಾಗ ಗೊರಕೆಯೂ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ಎದೆ ಹೊಟ್ಟೆಗಳು ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಲೇ ಮಿದುಳು ಗಾಬರಿಗೊಂಡು ದೇಹವನ್ನು ಅರೆಕ್ಷಣ ಎಚ್ಚರಿಸುತ್ತದೆ. ಮಲಗಿದವನು ಒಮ್ಮೆ ಗುಟುರು ಹಾಕಿ, ಏದುಸಿರೆಳೆದು, ಮಗ್ಗುಲು ಬದಲಿಸಿ ಮತ್ತೆ ನಿದ್ರೆಗೆ ಜಾರುತ್ತಾನೆ. ಬೆಳಿಗ್ಗೆ ಇದಾವುದೂ ಅವನ ನೆನಪಿನಲ್ಲಿರುವುದಿಲ್ಲ. ಪಕ್ಕದಲ್ಲಿ ಮಲಗಿದ್ದವರಿಗೆ ಮಾತ್ರ ಎಲ್ಲವೂ ನೆನಪಿರುತ್ತದೆ.

ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅಥವಾ ಬಹಳವಾಗಿ ಕುಗ್ಗಿದರೆ ವೈದ್ಯರು ಅದನ್ನು ಒಂದು ಘಟನೆಯೆಂದು ಎಣಿಸುತ್ತಾರೆ. ಒಂದು ತಾಸಿನಲ್ಲಿ ಅಂತಹ ಘಟನೆಗಳು 5ಕ್ಕಿಂತ ಕಡಿಮೆಯಿದ್ದರೆ ವಯಸ್ಕರಲ್ಲಿ ಸಹಜ. 5ರಿಂದ 15ರವರೆಗೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30ಕ್ಕಿಂತ ಹೆಚ್ಚಾದರೆ ತೀವ್ರ. ತಾಸಿಗೆ 40 ಸಲ ಉಸಿರು ಕಟ್ಟುವವನು ಏಳು ತಾಸಿನ ರಾತ್ರಿಯಲ್ಲಿ 280 ಸಲ ಅರೆ ಎಚ್ಚರಗೊಂಡಿರುತ್ತಾನೆ. ಪ್ರವಚನದಲ್ಲಿ ತೂಕಡಿಸಿದ್ದಕ್ಕೆ ಅಂಥವನ ಭಕ್ತಿಯನ್ನು ಶಂಕಿಸುವುದು ಅನ್ಯಾಯ. 2019ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಜಗತ್ತಿನಲ್ಲಿ 30ರಿಂದ 69 ವರ್ಷ ವಯಸ್ಸಿನ ಸುಮಾರು 93 ಕೋಟಿ ಜನರಿಗೆ ಈ ಬೇನೆ ಒಂದಲ್ಲ ಒಂದು ಮಟ್ಟದಲ್ಲಿದೆ. ಅವರಲ್ಲಿ ಹೆಚ್ಚಿನವರಿಗೆ ತಮಗೆ ಹೀಗಿದೆಯೆಂಬುದೇ ತಿಳಿದಿಲ್ಲ.

ಇದನ್ನು ಅಲಕ್ಷಿಸಿದರೆ ರಕ್ತದೊತ್ತಡ ಏರುತ್ತದೆ, ಮಾತ್ರೆ ತೆಗೆದುಕೊಂಡರೂ ಹತೋಟಿಗೆ ಬಾರದೆ ಕಾಡುತ್ತದೆ. ಹೃದಯದ ಬಡಿತದಲ್ಲಿ ಏರುಪೇರು, ಪಾರ್ಶ್ವವಾಯು, ಸಕ್ಕರೆ ಕಾಯಿಲೆಗಳೊಂದಿಗೂ ಇದಕ್ಕೆ ನಂಟಿದೆ. ನಮ್ಮ ಭಾಗಕ್ಕೆ ಇನ್ನೊಂದು ಅಪಾಯ ಕಣ್ಣೆದುರಿಗೇ ಇದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆಗಳ ಕಡೆ ಸಾಗುತ್ತವೆ; ಸಂಕೇಶ್ವರದ ಬಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳ ಸಾಲು ಬೆಳಗಾಗುವವರೆಗೂ ಕಡಿಯುವುದಿಲ್ಲ. ಸ್ಟಿಯರಿಂಗ್ ಹಿಡಿದವನ ಕಣ್ಣು ಮೂರು ಸೆಕೆಂಡು ಮುಚ್ಚಿದರೂ ಸಾಕು, ಗಂಟೆಗೆ 60 ಕಿಲೋಮೀಟರು ವೇಗದ ವಾಹನ 50 ಮೀಟರು ಕುರುಡಾಗಿ ಓಡಿರುತ್ತದೆ. ಅಪಘಾತವಾದ ಮೇಲೆ ಚಾಲಕ ಕುಡಿದಿದ್ದನೇ ಎಂದು ಎಲ್ಲರೂ ಕೇಳುತ್ತಾರೆ. ಅವನಿಗೆ ಗೊರಕೆಯಿತ್ತೇ ಎಂದು ಕೇಳುವವರು ವಿರಳ.

ಹಲ್ಲಿನ ವೈದ್ಯರ ಕುರ್ಚಿ ಒಂದು ವಿಶಿಷ್ಟ ಸ್ಥಳ. ರೋಗಿ ಅಂಗಾತ ಒರಗಿ, ಬಾಯಿ ತೆರೆದು, ಪ್ರಖರ ಬೆಳಕಿನ ಕೆಳಗೆ ಅರ್ಧ ತಾಸು ಇರುತ್ತಾನೆ. ಬೇರೆ ಯಾವ ವೈದ್ಯರೂ ಬಾಯಿಯೊಳಗನ್ನು ಇಷ್ಟು ಹೊತ್ತು ನೋಡುವುದಿಲ್ಲ. ಕೆಲವರು ಕುರ್ಚಿಯಲ್ಲಿಯೇ ನಿದ್ರೆಹೋಗಿ ಗೊರಕೆ ಹೊಡೆಯುವುದೂ ಉಂಟು. ವೈದ್ಯರು ನಗದೆ ಗಮನಿಸಿದರೆ ಅಲ್ಲಿಯೇ ಅರ್ಧ ರೋಗನಿದಾನ ದೊರೆಯುತ್ತದೆ. ಉಳಿದರ್ಧವನ್ನು ಬಾಯಿಯೇ ಹೇಳುತ್ತದೆ. ಕೆಳದವಡೆ ಚಿಕ್ಕದಾಗಿ ಹಿಂದೆ ಸರಿದಿರುವುದು, ಅಂಗುಳ ಗೋಪುರದಂತೆ ಕಿರಿದಾಗಿ ಎತ್ತರವಾಗಿರುವುದು, ನಾಲಗೆ ದೊಡ್ಡದಾಗಿದ್ದು ಅದರ ಅಂಚಿನಲ್ಲಿ ಹಲ್ಲಿನ ಅಚ್ಚುಗಳು ಮೂಡಿರುವುದು, ಟಾನ್ಸಿಲ್ ಊದಿರುವುದು, ಬಾಯಿ ತೆರೆದಾಗ ಕಿರುನಾಲಗೆ ಕಾಣದಷ್ಟು ಗಂಟಲು ಇಕ್ಕಟ್ಟಾಗಿರುವುದು: ಇವು ದಾರಿ ಕಿರಿದಾಗಿದೆಯೆಂಬುದರ ಕುರುಹುಗಳು. ದಪ್ಪ ಮೈಯವರಿಗೆ ಮಾತ್ರ ಈ ಬೇನೆ ಬರುತ್ತದೆಯೆಂಬ ತಪ್ಪು ಕಲ್ಪನೆ ನಮ್ಮಲ್ಲಿದೆ. ಕೊಬ್ಬು ಮುಖ್ಯ ಕಾರಣವೇನೋ ಹೌದು. ಆದರೆ ದವಡೆಯ ರಚನೆಯ ದೆಸೆಯಿಂದ ಹೊಲದಲ್ಲಿ ದುಡಿಯುವ ತೆಳ್ಳನೆಯ ಮೈಯವರಿಗೂ ಬರಬಹುದು. 2017ರಲ್ಲಿ ಅಮೆರಿಕದ ದಂತವೈದ್ಯರ ಸಂಘವು ತನ್ನ ಸದಸ್ಯರೆಲ್ಲರೂ ರೋಗಿಗಳಲ್ಲಿ ಈ ಕುರುಹುಗಳನ್ನು ವಿಚಾರಿಸಬೇಕೆಂದು ನೀತಿಯನ್ನೇ ಹೊರಡಿಸಿತು.

ಇವು ಬೇನೆಯ ಕಾರಣವನ್ನು ಸೂಚಿಸುವ ಕುರುಹುಗಳು. ಬೇನೆಯ ಪರಿಣಾಮಗಳೂ ಬಾಯಿಯಲ್ಲಿಯೇ ಉಳಿದಿರುತ್ತವೆ. ಅವುಗಳಲ್ಲಿ ಮೊದಲನೆಯದು ಒಣ ಬಾಯಿ.

ಮೂಗಿನಲ್ಲಿ ಸಾಲದ ಗಾಳಿಗಾಗಿ ಮಲಗಿದವನು ಬಾಯಿ ತೆರೆಯುತ್ತಾನೆ. ರಾತ್ರಿಯಿಡೀ ಗಾಳಿ ಬಾಯಿಯ ಮೂಲಕ ಓಡಾಡಿ ನಾಲಗೆ, ಅಂಗುಳ, ವಸಡುಗಳನ್ನು ಒಣಗಿಸುತ್ತದೆ. "ಮುಂಜಾನೆ ಎದ್ದ ಕೂಡಲೆ ನಾಲಿಗಿ ಅಂಗಳಕ್ಕ ಅಂಟಿರತೈತ್ರಿ" ಎಂದು ಜನ ಹೇಳುವುದು ಇದನ್ನೇ. ಲಾಲಾರಸವನ್ನು ನಾವು ಬರಿಯ ಜೊಲ್ಲೆಂದು ಕೀಳಾಗಿ ಕಾಣುತ್ತೇವೆ. ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಒಸರುವ ಆ ರಸ ಹಲ್ಲಿನ ಕಾವಲುಗಾರ. ಅದು ಬಾಯಿಯ ಹುಳಿಯನ್ನು ತಗ್ಗಿಸುತ್ತದೆ, ಅನ್ನದ ಕಣಗಳನ್ನು ತೊಳೆಯುತ್ತದೆ, ಎನಾಮೆಲ್ ಕಳೆದುಕೊಂಡ ಸುಣ್ಣದಂಶವನ್ನು ಮರಳಿ ತುಂಬುತ್ತದೆ. ಸಿಹಿ ತಿಂದಾಗ ಬಾಯಿಯ ಸೂಕ್ಷ್ಮಜೀವಿಗಳು ಆಮ್ಲವನ್ನು ಹುಟ್ಟಿಸುತ್ತವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಹಗಲಿನಲ್ಲಿ ಲಾಲಾರಸ ಅದನ್ನು ಬೇಗನೆ ಸರಿಪಡಿಸುತ್ತದೆ. ನಿದ್ರೆಯಲ್ಲಿ ಅದರ ಒಸರು ಎಲ್ಲರಿಗೂ ಕಡಿಮೆ; ಬಾಯಿ ತೆರೆದು ಮಲಗುವವರಿಗೆ ಇದ್ದದ್ದೂ ಆರಿಹೋಗುತ್ತದೆ. ಹೀಗಿರುವಾಗ ಗೋಕಾಕದ ಕರದಂಟನ್ನು ರಾತ್ರಿ ಊಟವಾದ ಮೇಲೆ ತಿಂದು ಹಾಗೆಯೇ ಮಲಗಿದರೆ ಏನಾದೀತು? ಬೆಲ್ಲವೂ ಅಂಟೂ ಹಲ್ಲಿನ ಸಂದಿಗಳಲ್ಲಿ ಕುಳಿತು ಬೆಳಗಿನವರೆಗೆ ಕೆಲಸ ಮಾಡುತ್ತವೆ. ಕರದಂಟನ್ನು ದೂರುವುದು ಈ ಲೇಖಕನ ಉದ್ದೇಶವಲ್ಲ, ಅಂತಹ ಧೈರ್ಯವೂ ಇಲ್ಲ. ಅದನ್ನು ಹಗಲಿನಲ್ಲಿ ತಿಂದು ಬಾಯಿ ಮುಕ್ಕಳಿಸಬೇಕು, ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಬೇಕು ಎಂಬುದಷ್ಟೇ ವಿನಂತಿ. ತಿದ್ದಿ ತುಂಬಿಸಿದರೂ ವರ್ಷ ವರ್ಷ ಹೊಸ ಹುಳುಕು ಕಾಣುತ್ತಿದ್ದರೆ, ಬಾಯಿಯ ದುರ್ವಾಸನೆ ಎಷ್ಟು ತೊಳೆದರೂ ಹೋಗದಿದ್ದರೆ, ರಾತ್ರಿಯ ಉಸಿರಾಟದ ಬಗೆಗೂ ಒಮ್ಮೆ ವಿಚಾರಿಸಬೇಕು.

ಎರಡನೆಯದು ಹಲ್ಲು ಕಡಿಯುವುದು. ನಿದ್ರೆಯಲ್ಲಿ ಹಲ್ಲನ್ನು ಕಟಕಟ ಮಸೆಯುವ ಮಗುವನ್ನು ಕಂಡರೆ ಹೊಟ್ಟೆಯಲ್ಲಿ ಜಂತುಹುಳುವಿದೆಯೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ವಯಸ್ಕರಲ್ಲಿ ಹಲ್ಲು ಕಡಿಯುವಿಕೆಯೂ ಉಸಿರು ಕಟ್ಟುವಿಕೆಯೂ ಒಬ್ಬರಲ್ಲಿಯೇ ಸೇರಿ ಬರುವುದು ಅಪರೂಪವಲ್ಲ. ಒಂದು ಇನ್ನೊಂದಕ್ಕೆ ಕಾರಣವೇ ಎಂಬ ಚರ್ಚೆ ವೈದ್ಯಲೋಕದಲ್ಲಿ ಇನ್ನೂ ಮುಗಿದಿಲ್ಲ. ಸವೆದು ಚಪ್ಪಟೆಯಾದ ದವಡೆಹಲ್ಲುಗಳು, ಬೆಳಿಗ್ಗೆ ಕೆನ್ನೆಯಲ್ಲಿ ನೋವು, ಕಿವಿಯ ಮುಂದಿನ ಕೀಲಿನಲ್ಲಿ ಸಪ್ಪಳ, ಬಿರುಕುಬಿಟ್ಟ ಹಲ್ಲು ಇದರ ಲಕ್ಷಣಗಳು. ಇಂಥವರಿಗೆ ಹಲ್ಲನ್ನು ಕಾಪಾಡಲು ರಾತ್ರಿ ಧರಿಸುವ ಪ್ಲಾಸ್ಟಿಕ್ ಕವಚವನ್ನು ಮಾಡಿಕೊಡುವುದುಂಟು. ಆದರೆ ಬರಿಯ ಮೇಲ್ದವಡೆಗೆ ಕೂರುವ ಕವಚವು ಕೆಲವರಲ್ಲಿ ಉಸಿರು ಕಟ್ಟುವುದನ್ನು ಹೆಚ್ಚಿಸಬಹುದು. ಗೊರಕೆಯ ವಿಷಯವನ್ನು ಹಲ್ಲಿನ ವೈದ್ಯರಿಂದ ಮುಚ್ಚಿಡಬಾರದೆಂಬುದಕ್ಕೆ ಇದೂ ಒಂದು ಕಾರಣ. ಹೊಟ್ಟೆಯ ಹುಳಿ ಗಂಟಲಿಗೆ ಮರಳಿ ಬರುವ ತೊಂದರೆಯೂ ಇಂಥವರಲ್ಲಿ ಹೆಚ್ಚು; ಆ ಹುಳಿ ತಾಗಿ ಮೇಲಿನ ಮುಂಹಲ್ಲುಗಳ ಒಳಬದಿ ನುಣ್ಣಗೆ ಸವೆಯುತ್ತದೆ.

ವಸಡಿನ ರೋಗದ ವಿಷಯದಲ್ಲಿ ಎಚ್ಚರಿಕೆಯಿಂದ ಮಾತನಾಡಬೇಕು. ವಸಡಿನಿಂದ ರಕ್ತ ಒಸರುವುದು, ಎಲುಬು ಕರಗಿ ಹಲ್ಲು ಅಲುಗಾಡುವುದು ಸ್ಲೀಪ್ ಅಪ್ನಿಯಾ ಇರುವವರಲ್ಲಿ ಹೆಚ್ಚಾಗಿ ಕಂಡಿದೆಯೆಂದು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಸಕ್ಕರೆ ಕಾಯಿಲೆ, ಬೊಜ್ಜು, ಧೂಮಪಾನ, ವಯಸ್ಸು ಇವು ಎರಡೂ ರೋಗಗಳಿಗೆ ಸಮಾನ ಕಾರಣಗಳು. ಆದ್ದರಿಂದ ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ಹೇಳಲು ಬರುವುದಿಲ್ಲ. ವಸಡನ್ನು ಶುಚಿಗೊಳಿಸಿದರೆ ಗೊರಕೆ ನಿಲ್ಲುತ್ತದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ತಂಬಾಕಿನ ಮಾತನ್ನು ಮಾತ್ರ ಅಳುಕದೆ ಆಡಬಹುದು. ತಂಬಾಕಿನ ಪೇಟೆಯಾದ ನಿಪ್ಪಾಣಿ ನಮ್ಮ ನೆರೆಯಲ್ಲಿಯೇ ಇದೆ. ಗಂಡಸರ ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿದ ತಂಬಾಕು, ಹೆಂಗಸರ ಬೆರಳಿನಲ್ಲಿ ಹಲ್ಲಿಗೆ ಹಚ್ಚುವ ತಪಕೀರು ಅಥವಾ ಮಿಶ್ರಿ, ಹುಡುಗರ ಜೇಬಿನಲ್ಲಿ ಗುಟ್ಕಾ ಚೀಟಿ ಈಗಲೂ ಕಾಣುತ್ತವೆ. ಹೊಗೆಯು ಗಂಟಲಿನ ಒಳಪದರವನ್ನು ಊದಿಸಿ ಉಸಿರಿನ ದಾರಿಯನ್ನು ಕಿರಿದಾಗಿಸುತ್ತದೆ. ತಂಬಾಕು ಯಾವ ರೂಪದಲ್ಲಿದ್ದರೂ ವಸಡನ್ನು ಕೆಡಿಸುತ್ತದೆ. ಗುಟ್ಕಾದ ಅಡಿಕೆಯು ಕೆನ್ನೆಯ ಒಳಭಾಗವನ್ನು ನಾರಿನಂತೆ ಬಿಗಿಯಾಗಿಸಿ ಬಾಯಿ ತೆರೆಯದಂತೆ ಮಾಡುತ್ತದೆ. ಎರಡು ಬೆರಳು ಹೋಗದಷ್ಟು ಬಿಗಿದ ಬಾಯಿಯಲ್ಲಿ ಹಲ್ಲಿನ ಅಚ್ಚು ತೆಗೆಯುವುದೇ ಕಷ್ಟ. ಮುಂದೆ ಹೇಳಲಿರುವ ದವಡೆಯ ಸಾಧನದ ದಾರಿಯೂ ಅಂಥವರಿಗೆ ಮುಚ್ಚಿದಂತೆಯೇ. ಮದ್ಯವು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುವುದರಿಂದ ಕುಡಿದು ಮಲಗಿದ ರಾತ್ರಿ ಉಸಿರು ಹೆಚ್ಚು ಸಲ, ಹೆಚ್ಚು ಹೊತ್ತು ಕಟ್ಟುತ್ತದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆಯೊಡ್ಡಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದುದನ್ನು ಈ ಭಾಗದ ಹಿರಿಯರು ಬಲ್ಲರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತಿದೆ. ಆ ಜೋಳಿಗೆಗೆ ತಂಬಾಕಿನ ಚೀಟಿಯನ್ನು ಹಾಕಿದವರು ತಮಗೆ ಅರಿವಿಲ್ಲದೆಯೇ ತಮ್ಮ ನಿದ್ರೆಗೂ ಉಪಕಾರ ಮಾಡಿಕೊಂಡರು.

ಮಕ್ಕಳ ವಿಷಯ ಬೇರೆಯೇ ಆಗಿದೆ. ಮಗು ಬಾಯಿ ತೆರೆದು ಮಲಗಿದರೆ, ಗೊರಕೆ ಹೊಡೆದರೆ, "ಎಷ್ಟ್ ಚಂದ ನಿದ್ದಿ ಹತ್ತೈತಿ ನೋಡ್ರಿ" ಎಂದು ಮೆಚ್ಚುವವರುಂಟು. ಅದು ಮೆಚ್ಚುವ ಮಾತಲ್ಲ. ಮಕ್ಕಳಲ್ಲಿ ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಮತ್ತು ಟಾನ್ಸಿಲ್‌ಗಳು ಊದಿ ದಾರಿಗೆ ಅಡ್ಡವಾಗುವುದು ಸಾಮಾನ್ಯ. ಮೂಗು ಕಟ್ಟಿದ ಮಗು ವರ್ಷಗಟ್ಟಲೆ ಬಾಯಿಯಿಂದ ಉಸಿರಾಡಿದರೆ ನಾಲಗೆ ಅಂಗುಳಕ್ಕೆ ತಾಗದೆ ಕೆಳಗೆ ಉಳಿಯುತ್ತದೆ. ಒಳಗಿನಿಂದ ನಾಲಗೆಯ ಒತ್ತು ಇಲ್ಲದೆ, ಹೊರಗಿನಿಂದ ಕೆನ್ನೆಗಳ ಒತ್ತು ಮಾತ್ರ ಇರುವುದರಿಂದ ಮೇಲ್ದವಡೆ ಕಿರಿದಾಗಿ ಬೆಳೆಯುತ್ತದೆ, ಅಂಗುಳ ಎತ್ತರವಾಗುತ್ತದೆ, ಹಲ್ಲುಗಳು ಒಂದರ ಮೇಲೊಂದು ಹೇರಿಕೊಳ್ಳುತ್ತವೆ, ಮುಖ ಉದ್ದವಾಗುತ್ತದೆ. ಅಂದು ಕಿರಿದಾದ ದವಡೆ ಮುಂದೆ ನಲವತ್ತರ ವಯಸ್ಸಿನಲ್ಲಿ ಉಸಿರು ಕಟ್ಟಲು ಅನುವು ಮಾಡಿಕೊಡಬಹುದು. ಇಂತಹ ಮಕ್ಕಳಲ್ಲಿ ಹಾಸಿಗೆ ಒದ್ದೆಯಾಗುವುದು, ಸಿಡುಕು, ಶಾಲೆಯಲ್ಲಿ ಮನಸ್ಸು ನಿಲ್ಲದಿರುವುದು ಕಾಣಬಹುದು. ವಯಸ್ಕರು ತೂಕಡಿಸಿದರೆ ಮಕ್ಕಳು ಅದಕ್ಕೆ ತದ್ವಿರುದ್ಧವಾಗಿ ಒಂದೆಡೆ ಕೂರದೆ ಚಡಪಡಿಸುತ್ತಾರೆ. ಶಿಕ್ಷಕರು ದಡ್ಡನೆಂದೋ ತುಂಟನೆಂದೋ ಬರೆದುಬಿಡುತ್ತಾರೆ. ಕಿವಿ–ಮೂಗು–ಗಂಟಲು ತಜ್ಞರು ಊದಿದ ಗ್ರಂಥಿಗಳನ್ನು ತೆಗೆದರೆ ಹೆಚ್ಚಿನ ಮಕ್ಕಳಿಗೆ ಗುಣವಾಗುತ್ತದೆ. ಅಂಗುಳ ಬಹಳ ಕಿರಿದಾಗಿದ್ದರೆ ದಂತವಕ್ರತಾ ತಜ್ಞರು ಅದನ್ನು ನಿಧಾನವಾಗಿ ಅಗಲಿಸುವ ಸಾಧನವನ್ನು ಕೂರಿಸುತ್ತಾರೆ. ಅಂಗುಳದ ನಡುವಿನ ಎಲುಬಿನ ಕೂಡುಗೆ ಎಳೆಯ ವಯಸ್ಸಿನಲ್ಲಿ ಬೆಸೆದಿರುವುದಿಲ್ಲವಾದ್ದರಿಂದ ಇದನ್ನು ಬೆಳವಣಿಗೆ ಮುಗಿಯುವುದರೊಳಗೆ ಮಾಡಿಸುವುದು ಲೇಸು.

ಇನ್ನು ಹಲ್ಲೇ ಇಲ್ಲದ ಹಿರಿಯರು. ಎಲ್ಲ ಹಲ್ಲುಗಳೂ ಹೋದ ಮೇಲೆ ದವಡೆಗಳ ನಡುವಿನ ಎತ್ತರ ತಗ್ಗುತ್ತದೆ, ನಾಲಗೆ ಹರಡಿಕೊಳ್ಳುತ್ತದೆ, ಮಲಗಿದಾಗ ಕೆಳದವಡೆಯೊಡನೆ ಅದೂ ಹಿಂದಕ್ಕೆ ಸರಿಯುತ್ತದೆ. ಹೀಗಾಗಿ ಹಲ್ಲು ಕಳೆದುಕೊಂಡವರಲ್ಲಿ ಉಸಿರು ಕಟ್ಟುವ ಬೇನೆ ಹೆಚ್ಚಬಹುದು. ಹಾಗಾದರೆ ರಾತ್ರಿ ಹಲ್ಲಿನ ಸೆಟ್ಟನ್ನು ಹಾಕಿಕೊಂಡೇ ಮಲಗಬೇಕೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಕೆಲವರಿಗೆ ಹಾಗೆ ಮಲಗಿದರೆ ಉಸಿರು ಸಲೀಸಾಗುತ್ತದೆ, ಕೆಲವರಿಗೆ ಆಗುವುದಿಲ್ಲ. ಸೆಟ್ಟನ್ನು ಹಗಲಿರುಳು ತೆಗೆಯದಿದ್ದರೆ ಅದರ ಅಡಿಯಲ್ಲಿ ಬೂಷ್ಟಿನ ಸೋಂಕು ತಗಲುತ್ತದೆ, ವೃದ್ಧರಲ್ಲಿ ನ್ಯುಮೋನಿಯಾದ ಭಯವೂ ಹೆಚ್ಚುತ್ತದೆ. ಆದ್ದರಿಂದ ಸಾಮಾನ್ಯರು ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಡಬೇಕು. ಸ್ಲೀಪ್ ಅಪ್ನಿಯಾ ಇರುವವರು ವೈದ್ಯರನ್ನು ಕೇಳಿ ನಡೆಯಬೇಕು. ಬಡ ಹಿರಿಯರಿಗೆ ಉಚಿತವಾಗಿ ಕೃತಕ ದಂತಪಂಕ್ತಿ ಮಾಡಿಸಿಕೊಡಲು ರಾಜ್ಯ ಸರ್ಕಾರವು 'ದಂತ ಭಾಗ್ಯ' ಎಂಬ ಯೋಜನೆಯನ್ನು ತಂದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಕುರಿತು ವಿಚಾರಿಸಿದರೆ ನಷ್ಟವೇನಿಲ್ಲ.

ಚಿಕಿತ್ಸೆಯ ಮಾತಿಗೆ ಬರೋಣ. ಕುರುಹುಗಳನ್ನು ದಂತವೈದ್ಯರು ಗುರುತಿಸಬಹುದು. ರೋಗವನ್ನು ನಿರ್ಣಯಿಸುವವರು ಶ್ವಾಸಕೋಶದ ಅಥವಾ ನಿದ್ರಾರೋಗದ ವೈದ್ಯರೇ. ರಾತ್ರಿ ಮಲಗಿದಾಗ ಬೆರಳಿಗೆ, ಮೂಗಿಗೆ, ಎದೆಗೆ ಸಣ್ಣ ಸಾಧನಗಳನ್ನು ಕಟ್ಟಿ ಉಸಿರು, ಆಮ್ಲಜನಕ, ಹೃದಯದ ಬಡಿತಗಳನ್ನು ದಾಖಲಿಸಲಾಗುತ್ತದೆ. ಆಸ್ಪತ್ರೆಯಲ್ಲಿ ಮಾಡಿದರೆ ಮಿದುಳಿನ ತರಂಗಗಳನ್ನೂ ಅಳೆಯುತ್ತಾರೆ. ಸರಳವಾದ ಪರೀಕ್ಷೆಯನ್ನು ಮನೆಯಲ್ಲಿಯೂ ಮಾಡಬಹುದು. ಈ ಪರೀಕ್ಷೆಯಾಗದೆ ಗೊರಕೆಗೆ ಔಷಧಿ, ಮೂಗಿನ ಕ್ಲಿಪ್ಪು, ಗಲ್ಲದ ಪಟ್ಟಿ ಎಂದು ಹಣ ಚೆಲ್ಲುವುದು ವ್ಯರ್ಥ. ಗೊರಕೆಯ ಸದ್ದು ಅಡಗಿ ಉಸಿರು ಕಟ್ಟುವುದು ಮುಂದುವರಿದರೆ ಅದು ಇನ್ನೂ ಅಪಾಯಕಾರಿ, ಏಕೆಂದರೆ ಮನೆಯವರಿಗೆ ಇದ್ದ ಒಂದೇ ಎಚ್ಚರಿಕೆಯ ಗಂಟೆಯೂ ನಿಂತುಹೋಗುತ್ತದೆ.

ಬೇನೆ ತೀವ್ರವಾಗಿದ್ದರೆ ಮೊದಲ ಆಯ್ಕೆ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಅವರ ಸಂಗಡಿಗರು 1981ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಮೂಗಿಗೆ ಮುಖವಾಡ ಕಟ್ಟಿ ಹದವಾದ ಒತ್ತಡದ ಗಾಳಿಯನ್ನು ಸತತವಾಗಿ ಬಿಟ್ಟರೆ ಕುಸಿಯಲಿರುವ ಗಂಟಲು ಗಾಳಿ ತುಂಬಿದ ಟ್ಯೂಬಿನಂತೆ ತೆರೆದೇ ಇರುತ್ತದೆ. ಸರಿಯಾಗಿ ಬಳಸಿದರೆ ಮೊದಲ ವಾರದಲ್ಲಿಯೇ ಹಗಲಿನ ತೂಕಡಿಕೆ ಬಿಟ್ಟುಹೋದ ಉದಾಹರಣೆಗಳುಂಟು. ತೊಡಕುಗಳೂ ಇವೆ. ಬೆಲೆ ಹತ್ತಾರು ಸಾವಿರ ರೂಪಾಯಿ. ಮುಖವಾಡದೊಡನೆ ಮಲಗಲು ಕೆಲವರಿಗೆ ಉಸಿರುಗಟ್ಟಿದಂತಾಗುತ್ತದೆ. ಬಾಯಿ ತೆರೆದುಕೊಂಡರೆ ಗಾಳಿ ಸೋರಿ ಬಾಯಿ ಇನ್ನಷ್ಟು ಒಣಗುತ್ತದೆ. ಗಾಳಿಯನ್ನು ತೇವಗೊಳಿಸುವ ನೀರಿನ ಡಬ್ಬಿಯನ್ನು ಜೋಡಿಸುವುದು, ಹೊಂದುವ ಮುಖವಾಡವನ್ನು ಆಯ್ದುಕೊಳ್ಳುವುದು ಇದಕ್ಕೆ ಪರಿಹಾರ. ಕೊನೆಯ ತೊಡಕು ವಿದ್ಯುತ್ತಿನದು. ಹುಕ್ಕೇರಿ ತಾಲ್ಲೂಕಿಗೆ 1969ರಿಂದ ತನ್ನದೇ ಆದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಗೋಕಾಕ ಜಲಪಾತದ ಬಳಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ನೀರಿನಿಂದ ವಿದ್ಯುತ್ತು ತೆಗೆದ ಇತಿಹಾಸವಿದೆ. ಹೀಗಿದ್ದೂ ಊರಿನಿಂದ ದೂರದ ತೋಟದ ಮನೆಗಳಲ್ಲಿ ಮಳೆಗಾಳಿ ಬೀಸಿದ ರಾತ್ರಿ ಕರೆಂಟು ನೆಚ್ಚಿಕೊಂಡು ಮಲಗುವುದು ಕಷ್ಟವೆಂಬುದನ್ನು ಅಲ್ಲಿ ಇರುವವರೇ ಹೇಳಬೇಕು. ಅಂಥವರು ಯಂತ್ರಕ್ಕೆ ಹೊಂದುವ ಬ್ಯಾಟರಿಯ ಬಗೆಗೂ ಕೊಳ್ಳುವಾಗಲೇ ಕೇಳಿಕೊಳ್ಳಬೇಕು.

ಇಲ್ಲಿ ಹಲ್ಲಿನ ವೈದ್ಯರ ಪಾತ್ರ ಮತ್ತೆ ಮುಖ್ಯವಾಗುತ್ತದೆ. ಪ್ರಜ್ಞೆ ತಪ್ಪಿದವನ ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿದು ಉಸಿರಿನ ದಾರಿಯನ್ನು ತೆರೆಯುವುದನ್ನು ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಕಲಿಸುತ್ತಾರೆ. ಅದೇ ಕೆಲಸವನ್ನು ರಾತ್ರಿಯಿಡೀ ಮಾಡುವ ಸಾಧನವೊಂದಿದೆ. ಮೇಲಿನ ಹಲ್ಲುಗಳಿಗೊಂದು, ಕೆಳಗಿನ ಹಲ್ಲುಗಳಿಗೊಂದು ಕವಚವನ್ನು ಅಚ್ಚು ತೆಗೆದು ಮಾಡಿ, ಕೆಳದವಡೆಯನ್ನು ಕೆಲವು ಮಿಲಿಮೀಟರು ಮುಂದಕ್ಕೆ ನಿಲ್ಲಿಸುವಂತೆ ಎರಡನ್ನೂ ಜೋಡಿಸುತ್ತಾರೆ. ದವಡೆಯೊಡನೆ ನಾಲಗೆಯೂ ಮುಂದೆ ಬರುತ್ತದೆ, ಹಿಂದೆ ಗಾಳಿಗೆ ಎಡೆಯಾಗುತ್ತದೆ. ಈ ಯೋಚನೆ ಹೊಸದಲ್ಲ. ಕೆಳದವಡೆ ತೀರ ಚಿಕ್ಕದಾಗಿ ಹುಟ್ಟಿದ ಕೂಸುಗಳ ನಾಲಗೆ ಹಿಂದೆ ಬಿದ್ದು ಉಸಿರು ಕಟ್ಟುವುದನ್ನು ಫ್ರಾನ್ಸಿನ ಪಿಯೆರ್ ರೋಬಿನ್ ಎಂಬ ದಂತವೈದ್ಯರು 1923ರಲ್ಲಿ ವಿವರಿಸಿದ್ದರು. ದವಡೆಯನ್ನು ಮುಂದೆ ತರುವ ಸಾಧನವನ್ನೂ ಅವರು ಬಳಸಿದ್ದರು. ಬರಿಯ ಗೊರಕೆ ಇರುವವರಿಗೆ, ಸೌಮ್ಯ ಮತ್ತು ಮಧ್ಯಮ ಮಟ್ಟದ ಬೇನೆಯವರಿಗೆ, ಯಂತ್ರವನ್ನು ಸಹಿಸಲಾಗದವರಿಗೆ ಈ ಸಾಧನ ಒಳ್ಳೆಯದು. ಇದಕ್ಕೆ ವಿದ್ಯುತ್ತು ಬೇಡ, ಸದ್ದಿಲ್ಲ, ಪರಸ್ಥಳಕ್ಕೆ ಹೋಗುವಾಗ ಜೇಬಿನಲ್ಲಿ ಹಿಡಿಯುತ್ತದೆ. ರಾತ್ರಿ ಲಾರಿಯಲ್ಲಿಯೇ ಮಲಗುವ ಚಾಲಕನಿಗೆ ಇದಕ್ಕಿಂತ ಅನುಕೂಲವಾದುದು ಕಡಿಮೆ.

ಆದರೆ ಇದಕ್ಕೆ ಬೇಕಾದ ಬಂಡವಾಳ ಗಟ್ಟಿಯಾದ ಹಲ್ಲು. ದವಡೆಯ ಭಾರವನ್ನೆಲ್ಲ ಹಲ್ಲುಗಳೇ ಹೊರುವುದರಿಂದ ಮೇಲೂ ಕೆಳಗೂ ಸಾಕಷ್ಟು ಹಲ್ಲುಗಳಿರಬೇಕು, ವಸಡು ಆರೋಗ್ಯವಾಗಿರಬೇಕು, ಹುಳುಕನ್ನು ಮೊದಲೇ ತುಂಬಿಸಿರಬೇಕು. ಅಲುಗಾಡುವ ಹಲ್ಲಿಗೆ ಈ ಸಾಧನ ತೊಡಿಸಿದರೆ ಹಲ್ಲು ಕಿತ್ತುಬರುವುದು ಬೇಗ. ಒಣ ಬಾಯಿಯೂ ತಂಬಾಕೂ ಸೇರಿ ಐವತ್ತರೊಳಗೆ ಹಲ್ಲುಗಳನ್ನು ಬೀಳಿಸಿದರೆ, ಯಾವ ಬೇನೆಗೆ ಹಲ್ಲಿನ ಆಸರೆ ಬೇಕಾಗಿತ್ತೋ ಅದರ ಚಿಕಿತ್ಸೆಯೇ ಕೈತಪ್ಪುತ್ತದೆ. ಹಲ್ಲು ನೋಯದಿದ್ದರೂ ವಸಡನ್ನು ತೋರಿಸಿಕೊಳ್ಳಿರೆಂದು ಹೇಳುವುದು ಇದಕ್ಕಾಗಿಯೇ. ಸಾಧನವನ್ನು ಧರಿಸಿದ ಮೊದಲ ದಿನಗಳಲ್ಲಿ ಜೊಲ್ಲು ಸುರಿಯುವುದು, ಬೆಳಿಗ್ಗೆ ದವಡೆ ನೋಯುವುದು ಸಹಜ; ವರ್ಷಗಳು ಕಳೆದಂತೆ ಹಲ್ಲುಗಳು ತುಸು ಸರಿದು ಕಚ್ಚುವಿಕೆ ಬದಲಾಗುವುದೂ ಉಂಟು. ಹೀಗಾಗಿ ದಂತವೈದ್ಯರ ಬಳಿ ಕಾಲಕಾಲಕ್ಕೆ ಹೋಗುತ್ತಿರಬೇಕು. ಸಾಧನ ಹಾಕಿಕೊಂಡು ಮಲಗಿದಾಗ ಉಸಿರು ನಿಜವಾಗಿಯೂ ಸರಿಹೋಗಿದೆಯೇ ಎಂದು ನಿದ್ರಾಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಲೂ ಬೇಕು. ಮೊಬೈಲಿನಲ್ಲಿ ಜಾಹೀರಾತು ನೋಡಿ ತರಿಸಿ, ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕಚ್ಚಿಕೊಳ್ಳುವ ಅಗ್ಗದ ಸಾಧನಗಳು ಇದಕ್ಕೆ ಬದಲಿಯಲ್ಲ.

ನಮ್ಮ ಮೂರೂ ತಾಲ್ಲೂಕುಗಳ ಪಟ್ಟಣಗಳಲ್ಲಿ ಹಲ್ಲಿನ ವೈದ್ಯರಿದ್ದಾರೆ. ಈ ಸಾಧನವನ್ನು ಮಾಡಿ ಅಭ್ಯಾಸವಿರುವವರು ಬೇಕೆಂದರೆ ಬೆಳಗಾವಿಯ ದಾರಿ ಹಿಡಿಯುವುದೇ ಸರಿ. 1916ರಲ್ಲಿ ಸ್ಥಾಪನೆಯಾದ ಕೆಎಲ್‌ಇ ಸಂಸ್ಥೆಯು ಅಲ್ಲಿ 1985ರಿಂದ ದಂತ ವೈದ್ಯಕೀಯ ಮಹಾವಿದ್ಯಾಲಯವನ್ನು ನಡೆಸುತ್ತಿದೆ. ಅದೇ ಸಂಸ್ಥೆಯ ದೊಡ್ಡ ಆಸ್ಪತ್ರೆಯೂ, ಸರ್ಕಾರಿ ವೈದ್ಯಕೀಯ ಕಾಲೇಜಿನ ಜಿಲ್ಲಾಸ್ಪತ್ರೆಯೂ ಅದೇ ನಗರದಲ್ಲಿವೆ. ಮೂಡಲಗಿಯಿಂದ ಹೋಗಿಬರಲು ಒಂದು ದಿನದ ಕೂಲಿ ಕಳೆಯಬೇಕಾಗುತ್ತದೆ. ಆದ್ದರಿಂದ ಹೋಗುವ ಮೊದಲು ಮನೆಯಲ್ಲಿಯೇ ಒಂದಿಷ್ಟು ಸಿದ್ಧತೆ ಮಾಡಿಕೊಂಡರೆ ಹೋದ ದಿನ ಸಾರ್ಥಕವಾಗುತ್ತದೆ. ಮುಚ್ಚಿದ ಬಾಗಿಲಿನಾಚೆಗೂ ಕೇಳುವ ಗೊರಕೆಯೇ, ಹಗಲಿನಲ್ಲಿ ದಣಿವೇ, ಉಸಿರು ನಿಂತುದನ್ನು ಯಾರಾದರೂ ಕಂಡಿರುವರೇ, ರಕ್ತದೊತ್ತಡವಿದೆಯೇ, ವಯಸ್ಸು 50 ದಾಟಿದೆಯೇ, ಮೈ ಭಾರವೆಷ್ಟು, ಕತ್ತಿನ ಸುತ್ತಳತೆ ಗಂಡಸರಿಗೆ 17 ಇಂಚು ಹೆಂಗಸರಿಗೆ 16 ಇಂಚು ಮೀರಿದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ದರ್ಜಿಯ ಟೇಪು ಇದಕ್ಕೆ ಸಾಕು. ಪಕ್ಕದಲ್ಲಿ ಮಲಗುವವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಅದಾಗದಿದ್ದರೆ ಒಂದು ರಾತ್ರಿ ಮೊಬೈಲಿನಲ್ಲಿ ಗೊರಕೆಯನ್ನು ಧ್ವನಿಮುದ್ರಿಸಿಕೊಂಡು ಹೋದರೂ ಆದೀತು. ಸೊಸೆಯಂದಿರು ಅತ್ತೆಯ ಗೊರಕೆಯ ಮಾತೆತ್ತಲು ಸಂಕೋಚಪಡುತ್ತಾರೆ, ಹೆಂಗಸರು ತಮ್ಮ ಗೊರಕೆಯನ್ನು ಒಪ್ಪಿಕೊಳ್ಳಲು ನಾಚುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿಯೂ ಈ ಬೇನೆ ಹೆಚ್ಚುತ್ತದೆಯೆಂಬುದನ್ನು ಮನೆಯವರು ತಿಳಿದಿರಬೇಕು.

ಬೇನೆ ಸೌಮ್ಯವಾಗಿದ್ದವರು ಮೈ ಭಾರವನ್ನು ಇಳಿಸುವುದರಿಂದಲೂ, ಮಗ್ಗುಲಾಗಿ ಮಲಗುವುದರಿಂದಲೂ, ರಾತ್ರಿಯ ಊಟವನ್ನು ಬೇಗ ಮುಗಿಸುವುದರಿಂದಲೂ ಬಹಳಷ್ಟು ಸುಧಾರಿಸಿಕೊಳ್ಳುತ್ತಾರೆ. ವೈದ್ಯರು ಹೇಳದೆ ನಿದ್ರೆಯ ಮಾತ್ರೆಗಳನ್ನು ಮಾತ್ರ ನುಂಗಬಾರದು. ಅವುಗಳಲ್ಲಿ ಹಲವು ಮದ್ಯದಂತೆಯೇ ಗಂಟಲನ್ನು ಸಡಿಲಗೊಳಿಸುತ್ತವೆ.

ಮತ್ತೊಂದು ಮಾತನ್ನು ಎಷ್ಟೋ ಜನ ಹೇಳಲು ಮರೆಯುತ್ತಾರೆ. ಬುದ್ಧಿಹಲ್ಲನ್ನು ತೆಗೆಸುವಾಗ ಬರಿಯ ವಸಡು ಜೋಮುಗಟ್ಟಿಸುವ ಚುಚ್ಚುಮದ್ದು ಕೊಟ್ಟರೆ ಹೆಚ್ಚಿನ ಅಂಜಿಕೆಯಿಲ್ಲ. ಮಂಪರು ಬರಿಸುವ ಔಷಧಿ ಅಥವಾ ಪೂರ್ಣ ಅರಿವಳಿಕೆ ಕೊಡುವುದಾದರೆ, ಜೋರು ಗೊರಕೆಯುಳ್ಳವರು ಪರೀಕ್ಷೆ ಮಾಡಿಸಿರಲಿ ಬಿಡಲಿ, ಅದನ್ನು ಮುಂಚಿತವಾಗಿಯೇ ವೈದ್ಯರಿಗೆ ತಿಳಿಸಬೇಕು. ಗಂಟಲು ಆಗ ನಿದ್ರೆಯಲ್ಲಿ ಕುಸಿಯುವುದಕ್ಕಿಂತಲೂ ಸುಲಭವಾಗಿ ಕುಸಿಯುತ್ತದೆ, ಎಚ್ಚರಿಸಬೇಕಾದ ಮಿದುಳೂ ಮಂಪರಿನಲ್ಲಿರುತ್ತದೆ. ಸಿಪ್ಯಾಪ್ ಬಳಸುವವರು ಯಾವುದೇ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೆ ದಾಖಲಾಗುವಾಗ ಯಂತ್ರವನ್ನು ಮುಖವಾಡ ಸಮೇತ ಚೀಲದಲ್ಲಿ ಹಾಕಿಕೊಂಡು ಹೋಗಬೇಕು, ಚಿಕಿತ್ಸೆಯಾದ ರಾತ್ರಿ ವೈದ್ಯರನ್ನು ಕೇಳಿ ಅದನ್ನು ಹಚ್ಚಿಕೊಂಡೇ ಮಲಗಬೇಕು.